ಹಳೇ ಗಾಡಿಗೆ ಯಾವ ಎಣ್ಣೆ?

ಎಳ್ಳೆಣ್ಣೆ ಎನ್ನುವಾಗ ನಾವು ಎಳ್ಳನ್ನು ಎರಡು ಸಲ ಹೇಳುತ್ತಿರುತ್ತೇವೆ. ಎಣ್ಣೆ ಎಂಬ ಪದದ ಹೊಟ್ಟೆಯಲ್ಲೇ ಎಳ್ಳು ಇದೆ. ಎಳ್ ಮತ್ತು ನೆಯ್ ಕೂಡಿ ಎಣ್ಣೆಯ್ ಆಗಿ, ಕೊನೆಯ ಯಕಾರ ಸವೆದು ಎಣ್ಣೆ ಉಳಿಯಿತು. ನೆಯ್ ಎಂದರೆ ಜಿಡ್ಡು, ತುಪ್ಪ. ತಮಿಳರೂ ಮಲಯಾಳಿಗಳೂ ತುಪ್ಪವನ್ನು ಇವತ್ತಿಗೂ ನೆಯ್ ಎಂದೇ ಕರೆಯುತ್ತಾರೆ, ತೆಲುಗರು ನೆಯ್ಯಿ ಎನ್ನುತ್ತಾರೆ. ಕನ್ನಡದಲ್ಲಿ ಆ ಜಾಗಕ್ಕೆ ತುಪ್ಪ ಬಂದು ಕೂತಮೇಲೆ ನೆಯ್ ಒಂಟಿಯಾಗಿ ಬದುಕಲಿಲ್ಲ. ಎರಡು ಮನೆಗಳಲ್ಲಿ ಮಾತ್ರ ವೇಷ ಮರೆಸಿಕೊಂಡು ಉಳಿಯಿತು: ಬೆಳ್ಳಗಿನ ನೆಯ್ ಬೆಣ್ಣೆ, ಎಳ್ಳಿನ ನೆಯ್ ಎಣ್ಣೆ.

ಎಳ್ಳಿನ ಹಂಗು ತಪ್ಪಿದ್ದೂ ಬಹಳ ಹಿಂದೆಯೇ. ಹರಳು, ಹೊಂಗೆ, ಹಿಪ್ಪೆ, ಬೇವು, ಕುಸುಬೆ, ಕೊಬ್ಬರಿ, ಗಾಣಕ್ಕೆ ಬಿದ್ದ ಯಾವ ಕಾಳು ಯಾವ ಕಾಯಿ ಜಿಡ್ಡು ಬಿಟ್ಟರೂ ಅದು ಎಣ್ಣೆಯೇ ಆಯಿತು. ದೇವಸ್ಥಾನದ ನಂದಾದೀವಿಗೆಗೆಂದು ಗಾಣಕ್ಕೆ ಇಂತಿಷ್ಟು ಸೊಲ್ಲಗೆ ಎಂದು ಎಣ್ಣೆ ಬಿಟ್ಟುಕೊಟ್ಟ ಶಾಸನಗಳು ಕರ್ನಾಟಕದಲ್ಲಿ ಬೇಕಾದಷ್ಟು ಸಿಗುತ್ತವೆ. ಹೀಗೆ ಎಲ್ಲವೂ ಎಣ್ಣೆಯಾಗಿಬಿಟ್ಟ ಮೇಲೆ ಹೆಸರು ಕೊಟ್ಟ ಎಳ್ಳಿಗೇ ತನ್ನ ಗುರುತು ಹೇಳಿಕೊಳ್ಳುವ ಪಾಡು ಬಂತು. ಎಳ್ಳೆಣ್ಣೆ ಹುಟ್ಟಿದ್ದು ಹಾಗೆ. ತಮಿಳರು ಈ ಪೇಚಿಗೆ ಬೇರೆ ದಾರಿ ಕಂಡುಕೊಂಡು ಅದನ್ನು ನಲ್ಲೆಣ್ಣೆಯ್, ಅಂದರೆ ಒಳ್ಳೆಯ ಎಣ್ಣೆ ಎಂದರು. ನಮ್ಮ ಕೆಲವು ಮನೆಗಳಲ್ಲೂ ಒಳ್ಳೆಣ್ಣೆ ಎಂಬ ಮಾತು ಕೇಳುತ್ತದೆ.

ಸಂಸ್ಕೃತದ ತೈಲದ ಕಥೆಯೂ ಇದೇ. ತಿಲದಿಂದ ಬಂದದ್ದು ತೈಲ, ತಿಲವೆಂದರೆ ಎಳ್ಳು. ಮೆಡಿಟರೇನಿಯನ್ ತೀರದಲ್ಲಿ ಎಳ್ಳಿನ ಬದಲು ಆಲಿವ್ ಇತ್ತು. ಗ್ರೀಕರ ಆಲಿವ್ ಹೆಸರೇ ಲ್ಯಾಟಿನ್ನಿನಲ್ಲಿ ಓಲಿಯಂ ಆಗಿ, ಇಂಗ್ಲಿಷಿನಲ್ಲಿ ಆಯಿಲ್ ಆಗಿ, ಕೊನೆಗೆ ನಮ್ಮ ಗ್ಯಾರೇಜಿನ ಗೋಡೆಯ ಮೇಲೆ 'ಆಯಿಲ್ ಚೇಂಜ್ ಮಾಡಲಾಗುವುದು' ಎಂದು ಬಂದು ಕೂತಿದೆ. ಈಗ ನಾವು ಮೂರನ್ನೂ ಬಳಸುತ್ತೇವೆ, ಆದರೆ ಪಂಕ್ತಿಭೇದವಿದೆ. ಅಡುಗೆಮನೆಯಲ್ಲಿ ಎಣ್ಣೆ, ಪತ್ರಿಕೆಯ ತಲೆಬರಹದಲ್ಲಿ ತೈಲ, ಗ್ಯಾರೇಜಿನಲ್ಲಿ ಆಯಿಲ್. ಪೆಟ್ರೋಲಿನ ದರ ಏರಿದರೆ 'ತೈಲ ಬೆಲೆ ಏರಿಕೆ', ಕಡಲೆಕಾಯಿಯದ್ದು ಏರಿದರೆ 'ಎಣ್ಣೆ ದುಬಾರಿ'.

ಈ ಪದದ ಬೆನ್ನು ಹತ್ತಲು ಕಾರಣ ಒಂದು ಪುಟ್ಟ ಬಾಟಲಿ. ಬಿಡಿಭಾಗದ ಅಂಗಡಿಯ ಗಲ್ಲೆಯ ಪಕ್ಕದಲ್ಲಿ, ಕೆಲವು ಕಡೆ ಪೆಟ್ರೋಲ್ ಬಂಕಿನಲ್ಲೇ, ಸಾಲಾಗಿ ನಿಲ್ಲಿಸಿರುತ್ತಾರೆ. ಟ್ಯಾಂಕಿಗೆ ಸುರಿದರೆ ಎಂಜಿನ್ ಕ್ಲೀನ್, ಪಿಕಪ್ ಜಾಸ್ತಿ, ಮೈಲೇಜ್ ಜಾಸ್ತಿ ಎಂದು ಮೇಲೆ ಬರೆದಿರುತ್ತದೆ. ಹೊಸ ಗಾಡಿಯವರು ಅದರ ಕಡೆ ನೋಡುವುದು ಕಡಿಮೆ. ಯೆಜ್ಡಿ, ಆರ್‌ಎಕ್ಸ್ ನೂರು, ಹಳೇ ಬುಲೆಟ್, ಸಿಡಿ ನೂರು ಇಟ್ಟುಕೊಂಡವರು ಮಾತ್ರ ಎತ್ತಿ ತಿರುಗಿಸಿ ನೋಡುತ್ತಾರೆ. ವಯಸ್ಸಾದ ಜೀವಕ್ಕೆ ಒಂದಿಷ್ಟು ಎಣ್ಣೆ ಬಿದ್ದರೆ ಒಳ್ಳೆಯದೆಂಬ ಭಾವನೆ ನಮ್ಮಲ್ಲಿ ಅಷ್ಟು ಆಳವಾಗಿದೆ. ಬಾಟಲಿಯಲ್ಲಿರುವ ದ್ರವಕ್ಕಿಂತ ಈ ಭಾವನೆಯೇ ಹೆಚ್ಚು ಮಾರಾಟವಾಗುತ್ತದೆ ಎಂಬುದು ನನ್ನ ಗುಮಾನಿ.

ಹಿಂದಿನವರಿಗೆ ಎಣ್ಣೆಯಿಂದ ಮೂರು ಕೆಲಸ ಆಗುತ್ತಿತ್ತು. ಉರಿಯುವುದು, ಜಾರಿಸುವುದು, ಮೈಗೆ ಹಿಡಿಯುವುದು. ಮೂರಕ್ಕೂ ಒಂದೇ ಎಣ್ಣೆ ಸಾಕಿತ್ತು. ಹರಳೆಣ್ಣೆಯನ್ನೇ ನೋಡಿ. ಅದೇ ದೀಪಕ್ಕೆ, ಅದೇ ನೆತ್ತಿಗೆ, ಹೊಟ್ಟೆ ಕಟ್ಟಿದರೆ ಅದೇ ಭೇದಿಗೆ. ಎತ್ತಿನ ಗಾಡಿಯ ಅಚ್ಚಿಗೂ ಅದೇ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಬಿದಿರಿನ ಕೊಳವೆಯಲ್ಲಿ ತುಂಬಿ, ಗಾಡಿಯ ಅಡಿಗೆ ತೂಗುಬಿಟ್ಟುಕೊಂಡು ಹೋಗುತ್ತಿದ್ದರು. ಚಕ್ರ ಕಿರುಗುಟ್ಟಿದರೆ ಕೀಲು ತೆಗೆದು, ಗುಂಬ ಸರಿಸಿ, ಕಡ್ಡಿಯಿಂದ ಸವರುವುದು. ಅದರ ಹೆಸರು ಕೀಲೆಣ್ಣೆ. ಗ್ರೀಸ್ ಎಂಬ ಮಾತು ಬರುವ ಮೊದಲು ನಮ್ಮ ಗಾಡಿಗಳಿಗೆ ಇದ್ದ ಸ್ವಂತ ಪದ, ಇವತ್ತಿಗೂ ಬಳಸಿದರೆ ತಪ್ಪೇನಿಲ್ಲ. ಒಂದೇ ಎಣ್ಣೆ ಉರಿಯುತ್ತಲೂ ಜಾರಿಸುತ್ತಲೂ ಇದ್ದುದರಿಂದ ಎರಡನ್ನೂ ಬೇರೆ ಮಾಡಿ ಹೇಳುವ ಪದ ಬೇಕೆಂದು ಯಾರಿಗೂ ಅನಿಸಲಿಲ್ಲ.

ಎಣ್ಣೆಯ ಹೆಸರು ಹೊತ್ತು ಉರಿಯುವ ಕೆಲಸ ಮಾತ್ರ ಬಲ್ಲ ದ್ರವ ನಮ್ಮ ಮನೆಗೆ ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ, ತಗಡಿನ ಡಬ್ಬದಲ್ಲಿ. ಕೆರೋಸಿನ್ ಎಂಬ ಹೆಸರು ಕೆನಡಾದ ಭೂವಿಜ್ಞಾನಿ ಅಬ್ರಹಾಂ ಗೆಸ್ನರ್ ಇಟ್ಟದ್ದು, ಮೇಣವೆಂಬ ಅರ್ಥದ ಗ್ರೀಕ್ ಮಾತಿನಿಂದ. ನಮ್ಮವರು ಆ ಗೊಡವೆಗೆ ಹೋಗಲಿಲ್ಲ. ಸೀಮೆಯಿಂದ ಬಂದ ಸುಣ್ಣ ಸೀಮೆಸುಣ್ಣ, ಸೀಮೆಯ ಬದನೆ ಸೀಮೆಬದನೆ, ಇದು ಸೀಮೆಎಣ್ಣೆ. ಸೀಮೆಯೆಂದರೆ ಎಲ್ಲೆ, ನಾಡು. ಕಂಪನಿಯವರ ಕಾಲದಲ್ಲಿ ಅದು ಸಮುದ್ರದಾಚೆಯ ನಾಡೇ ಆಗಿಬಿಟ್ಟಿತ್ತು. ಉತ್ತರ ಕರ್ನಾಟಕದಲ್ಲೂ ಕರಾವಳಿಯಲ್ಲೂ ಉರಿಸುವ ದೀಪವನ್ನೇ ಹೆಸರಿಗೆ ಹಚ್ಚಿ ಚಿಮಣಿ ಎಣ್ಣೆ ಎಂದರು. ಬೆಳಗಾವಿಯ ಕಡೆ ಮರಾಠಿಯ ಸಹವಾಸದಲ್ಲಿ ಘಾಸ್ಲೇಟ್ ಕೂಡ ಓಡಾಡುತ್ತದೆ, ಅದರೊಳಗೆ ಇರುವುದು ಇಂಗ್ಲಿಷಿನ ಗ್ಯಾಸ್ ಲೈಟ್. ಮಲಯಾಳಿಗಳದ್ದು ಮಣ್ಣೆಣ್ಣ, ತಮಿಳರದ್ದು ಮಣ್ಣೆಣ್ಣೆಯ್, ಮಣ್ಣಿನಿಂದ ಬಂದದ್ದು. ಎಲ್ಲೆಲ್ಲೂ ಎಣ್ಣೆ ಎಂಬ ಪದ ಹೊಸಬನನ್ನು ಮನೆಯೊಳಗೆ ಬಿಟ್ಟುಕೊಂಡಿತು, ಆದರೆ ಹೊಸಬನಿಗೆ ನೆಯ್ ಇರಲಿಲ್ಲ. ಸೀಮೆಎಣ್ಣೆಯನ್ನು ತಲೆಗೆ ಹಚ್ಚುವಂತಿಲ್ಲ, ಅಚ್ಚಿಗೆ ಸವರುವಂತಿಲ್ಲ.

ಪೆಟ್ರೋಲಿಗೆ ಸೇರಿಸುವ ಪದಾರ್ಥಗಳ ಚರಿತ್ರೆಯಲ್ಲಿ ಸೀಮೆಎಣ್ಣೆಗೆ ಒಂದು ಕೆಟ್ಟ ಅಧ್ಯಾಯವೂ ಇದೆ. ಆಗ ಸಬ್ಸಿಡಿಯ ಸೀಮೆಎಣ್ಣೆ ಅಗ್ಗವಾಗಿತ್ತು, ಪೆಟ್ರೋಲ್ ತುಟ್ಟಿ. ಆಟೋಗಳಿಗೆ, ಹಳೇ ಸ್ಕೂಟರುಗಳಿಗೆ ಕದ್ದು ಬೆರೆಸುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ ಪಡಿತರದ ಸೀಮೆಎಣ್ಣೆಗೆ ಸರ್ಕಾರ ನೀಲಿ ಬಣ್ಣ ಹಾಕಬೇಕಾಯಿತು. ಬೆರೆಸಿದ ಗಾಡಿಯನ್ನು ಬಿಳಿ ಹೊಗೆಯಿಂದಲೂ ಮೂಗಿನಿಂದಲೂ ಗುರುತಿಸಬಹುದಿತ್ತು.

ಪೆಟ್ರೋಲನ್ನು ಮಾತ್ರ ಯಾರೂ ಎಣ್ಣೆ ಎನ್ನಲಿಲ್ಲ. ಬಂಕಿಗೆ ಹೋಗಿ 'ನೂರು ರೂಪಾಯಿ ಎಣ್ಣೆ ಹಾಕಿ' ಎಂದರೆ ಹುಡುಗ ಮುಖ ನೋಡುತ್ತಾನೆ. ಆದರೂ ಅದರ ಬಾಲದಲ್ಲಿ ಎಣ್ಣೆ ಇದೆ. ಪೆಟ್ರ ಎಂದರೆ ಬಂಡೆ, ಓಲಿಯಂ ಎಂದರೆ ಎಣ್ಣೆ. ಕನ್ನಡದಲ್ಲಿ ಕೆಲವರು ಅಚ್ಚುಕಟ್ಟಾಗಿ ಕಲ್ಲೆಣ್ಣೆ ಎಂದೇ ಬರೆದದ್ದುಂಟು, ಪಂಡಿತರು ಶಿಲಾತೈಲ ಎಂದರು. ಎರಡೂ ಪುಸ್ತಕದಲ್ಲೇ ಉಳಿದವು. ಹಾಗೆ ಉಳಿದದ್ದೇ ಸರಿ ಎನಿಸುತ್ತದೆ ನನಗೆ. ಪೆಟ್ರೋಲಿನ ಸ್ವಭಾವ ಎಣ್ಣೆಯದ್ದಲ್ಲ, ಎಣ್ಣೆಯ ವೈರಿಯದ್ದು. ಚೈನಿನ ಜಿಡ್ಡು ಬಿಡಿಸಲು, ಕೈಗೆ ಮೆತ್ತಿದ ಗ್ರೀಸ್ ತೊಳೆಯಲು ಮೆಕ್ಯಾನಿಕ್ಕು ಹುಡುಕುವುದು ಪೆಟ್ರೋಲನ್ನೇ. ಎಣ್ಣೆಗೂ ಸೀಗೆಕಾಯಿಗೂ ಇರುವ ಸಂಬಂಧ ಎನ್ನುತ್ತೇವಲ್ಲ, ಎಂಜಿನ್ನಿನೊಳಗೆ ಪೆಟ್ರೋಲಿನದ್ದು ಸೀಗೆಕಾಯಿಯ ಪಾತ್ರ. ಸಿಲಿಂಡರಿನ ಗೋಡೆಯ ಮೇಲಿನ ಜಿಡ್ಡಿನ ಪೊರೆಯನ್ನು ತೊಳೆದುಹಾಕುವುದೇ ಅದರ ಗುಣ.

ಹಾಗಿದ್ದೂ ಈ ಇಬ್ಬರು ವೈರಿಗಳನ್ನು ಒಂದೇ ಟ್ಯಾಂಕಿನಲ್ಲಿ ಕೂಡಿಹಾಕಿ ಓಡಿದ ಗಾಡಿಗಳಿದ್ದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಬಾಗಿಲು ಹಾಕುವವರೆಗೂ ಅಲ್ಲಿ ತಯಾರಾದದ್ದು ಟೂ ಸ್ಟ್ರೋಕ್ ಗಾಡಿಗಳು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲೂ ಗಾಳಿಯೂ ಕ್ರ್ಯಾಂಕ್ ಕೇಸಿನ ಮೂಲಕವೇ ಹಾದು ಸಿಲಿಂಡರಿಗೆ ಹೋಗಬೇಕು. ಹಾಗಾಗಿ ಅಲ್ಲಿ ಫೋರ್ ಸ್ಟ್ರೋಕಿನಂತೆ ಆಯಿಲ್ ತುಂಬಿಡಲು ಆಗುವುದಿಲ್ಲ. ಬೇರಿಂಗಿಗೂ ಪಿಸ್ಟನ್ನಿಗೂ ಜಿಡ್ಡು ಸಿಗಬೇಕಾದರೆ ಅದು ಪೆಟ್ರೋಲಿನ ಜೊತೆಗೇ ಬರಬೇಕು. ಅದೇ ಟೂಟಿ ಆಯಿಲ್. ಜನರ ಬಾಯಲ್ಲಿ ಬರೀ ಟೂಟಿ.

ಯೆಜ್ಡಿ ಇದ್ದ ಮನೆಯವರಿಗೆ ಈ ಬೆರಕೆಯ ವಿಧಿ ಕಣ್ಣಿಗೆ ಕಟ್ಟಿದಂತಿರುತ್ತದೆ. ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಟೂಟಿ ಸುರಿಯಬೇಕು, ಆಮೇಲೆ ಪೆಟ್ರೋಲ್. ಪೆಟ್ರೋಲ್ ಮೊದಲು ಬಿದ್ದರೆ ಆಯಿಲ್ ತಳಕ್ಕೆ ಇಳಿದು ಪೆಟ್ರೋಲ್ ಕಾಕಿನ ಬಾಯಲ್ಲೇ ಕೂರುತ್ತದೆ, ನಾಲ್ಕು ಕಿಕ್ಕಿಗೂ ಗಾಡಿ ಮಾತಾಡುವುದಿಲ್ಲ. ಲೀಟರಿಗೆ ಸುಮಾರು 30ರಿಂದ 40 ಮಿಲಿ. ಅಳತೆಯ ಪುಟ್ಟ ಲೋಟದ ತಳದಲ್ಲಿ ಅಂಟಿದ್ದನ್ನೂ ಪೆಟ್ರೋಲ್ ಹಾಕಿ ತೊಳೆದು ಟ್ಯಾಂಕಿಗೇ ಬಿಡುವ ಜಿಪುಣರಿದ್ದರು, ಅವರೇ ಜಾಣರು. ಕೊನೆಗೆ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಗಾಡಿಯನ್ನು ಎಡಕ್ಕೂ ಬಲಕ್ಕೂ ಕುಲುಕುವುದು. ಟ್ಯಾಂಕಿನೊಳಗೆ ಗುಳುಗುಳು ಸದ್ದು ಕೇಳಿದರೆ ಮುಗಿಯಿತು. ಟೂಟಿ ಕಡಿಮೆಯಾದರೆ ದಾರಿಯಲ್ಲಿ ಪಿಸ್ಟನ್ ಜಾಮ್, ಜಾಸ್ತಿಯಾದರೆ ಹಿಂದಿನವರಿಗೆ ಹೊಗೆ, ಸೈಲೆನ್ಸರಿನೊಳಗೆ ಡಾಂಬರಿನಂಥ ಮಸಿ, ಕೆಲವು ತಿಂಗಳಿಗೊಮ್ಮೆ ಅದನ್ನು ಬಿಚ್ಚಿ ಬೆಂಕಿಯಲ್ಲಿ ಸುಡುವ ಕೆಲಸ. ಯಮಹಾ ಆರ್‌ಎಕ್ಸ್ ನೂರರಲ್ಲಿ ಟೂಟಿಗೆ ಬೇರೆ ಡಬ್ಬಿ, ಬೇರೆ ಪಂಪು ಇದ್ದವು. ಮಾಲೀಕನಿಗೆ ಕುಲುಕುವ ಕಷ್ಟ ತಪ್ಪಿತೇ ಹೊರತು ಒಳಗೆ ನಡೆಯುತ್ತಿದ್ದದ್ದು ಅದೇ ಬೆರಕೆ.

ಪೆಟ್ರೋಲಿಗೆ ಏನಾದರೂ ಸೇರಿಸುವುದು ಹಳೇ ಗಾಡಿಗೆ ಒಳ್ಳೆಯದೇ ಎಂದು ಯಾರಾದರೂ ಕೇಳಿದರೆ, ಟೂ ಸ್ಟ್ರೋಕಿನ ಮಟ್ಟಿಗೆ ನನ್ನ ಉತ್ತರ ಇಲ್ಲೇ ಮುಗಿಯುತ್ತದೆ. ಒಂದನ್ನು ಸೇರಿಸಲೇಬೇಕು, ಅದು ಟೂಟಿ. ಡಬ್ಬಿಯ ಮೇಲೆ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಎಂದಿದ್ದರೆ ಹೊಗೆಯೂ ಮಸಿಯೂ ಕಡಿಮೆ. ಬಿಡಿಯಾಗಿ ಅಳೆದು ಕೊಡುವುದನ್ನು ಮುಟ್ಟಬೇಡಿ.

ಎಣ್ಣೆ ಎಂಬ ಪದದ ಹಳೆಯ ಎರಡು ಅರ್ಥಗಳು, ಉರಿಯುವುದು ಮತ್ತು ಜಾರಿಸುವುದು, ಕೊನೆಯದಾಗಿ ಒಟ್ಟಿಗೆ ಸಂಸಾರ ಮಾಡಿದ್ದು ಈ ಟೂ ಸ್ಟ್ರೋಕ್ ಟ್ಯಾಂಕಿನಲ್ಲಿ. ನಮ್ಮ ಹರಳೆಣ್ಣೆಗೂ ಎಂಜಿನ್ನಿನ ಲೋಕದಲ್ಲಿ ಪಾಲಿತ್ತು. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಹರಳೆಣ್ಣೆ ಬೆರೆಸಿದ ಎಂಜಿನ್ ಆಯಿಲ್ ತಯಾರಿಸಿ, ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಇಟ್ಟುಕೊಂಡೇ ಕ್ಯಾಸ್ಟ್ರಾಲ್ ಎಂದು ಕರೆಯಿತು. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳು ಹರಳೆಣ್ಣೆಯನ್ನೇ ಕುಡಿಯುತ್ತಿದ್ದವು, ಏಕೆಂದರೆ ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗಿ ತೆಳುವಾಗುವುದಿಲ್ಲ. ಉಗುಳಿದ ಹೊಗೆಯನ್ನು ನುಂಗಿ ಪೈಲಟ್ಟುಗಳ ಹೊಟ್ಟೆ ಕೆಡುತ್ತಿತ್ತೆಂಬ ಕಥೆಯೂ ಇದೆ. ನಮ್ಮ ಅಜ್ಜಿಯರಿಗೆ ಹೇಳಿದ್ದರೆ ಆಶ್ಚರ್ಯವೇನೂ ಆಗುತ್ತಿರಲಿಲ್ಲ.

1985ರಲ್ಲಿ ಹೀರೋ ಹೋಂಡಾ ಸಿಡಿ ನೂರು ಬಂತು. ಫೋರ್ ಸ್ಟ್ರೋಕ್. ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂಬ ಅದರ ಜಾಹೀರಾತು ಮೈಲೇಜಿನ ಬಗ್ಗೆ ಮಾಡಿದ್ದಾದರೂ ಟೂಟಿ ಕುಲುಕಿ ಬೇಸತ್ತವರಿಗೆ ಬೇರೆಯದೇ ನೆಮ್ಮದಿ ಕೊಟ್ಟಿರಬೇಕು. ಟ್ಯಾಂಕಿನಲ್ಲಿ ಉರಿಯುವುದು, ಎಂಜಿನ್ನಿನ ಹೊಟ್ಟೆಯಲ್ಲಿ ಜಾರಿಸುವುದು. ಎರಡೂ ಬೇರೆ ಬೇರೆ ಮನೆ ಮಾಡಿದವು. ಗಾಡಿ ಬದಲಾಯಿತು, ಮನಸ್ಸು ಬದಲಾಗಲಿಲ್ಲ. 'ಒಂದು ಮುಚ್ಚಳ ಟೂಟಿ ಹಾಕಿ ಸಾರ್, ಎಂಜಿನ್ ಸ್ಮೂತಾಗತ್ತೆ' ಎನ್ನುವವರು ಇವತ್ತಿಗೂ ಸಿಗುತ್ತಾರೆ. ಫೋರ್ ಸ್ಟ್ರೋಕ್ ಎಂಜಿನ್ನಿಗೆ ಬೇಕಾದ ಜಿಡ್ಡು ಕೆಳಗಿನಿಂದ ಸಿಗುತ್ತದೆ. ಮೇಲಿನಿಂದ ಬಂದ ಟೂಟಿ ಅರೆಬರೆ ಉರಿದು ಪ್ಲಗ್ಗಿನ ಮೇಲೂ ವಾಲ್ವಿನ ಬೆನ್ನಿನ ಮೇಲೂ ಕರಿ ಕಟ್ಟುತ್ತದೆ, ಅಷ್ಟೆ.

ಇನ್ನು ಗಲ್ಲೆಯ ಪಕ್ಕದ ಬಾಟಲಿಗಳು. ಒಂದು ಜಾತಿ ತೊಳೆಯುವಂಥದ್ದು. ಅವುಗಳಲ್ಲಿ ಒಳ್ಳೆಯವಕ್ಕೆ ಪಾಲಿಈಥರ್ ಅಮೀನ್ ಎಂಬ ರಾಸಾಯನಿಕ ಹಾಕಿರುತ್ತಾರೆ, ಅದಕ್ಕೆ ಇಂಗಾಲದ ಪದರವನ್ನು ಸಡಿಲಿಸುವ ಶಕ್ತಿ ನಿಜವಾಗಿಯೂ ಇದೆ. ಆದರೆ ಹಳೇ ಗಾಡಿಯ ಸಾಮಾನ್ಯ ಕಾಯಿಲೆ ಕಾರ್ಬೋರೇಟರಿನದ್ದು. ತಿಂಗಳುಗಟ್ಟಲೆ ನಿಂತ ಗಾಡಿಯ ಫ್ಲೋಟ್ ಬಟ್ಟಲು ಬಿಚ್ಚಿದರೆ ತಳದಲ್ಲಿ ಬೆಲ್ಲದ ಪಾಕದ ಬಣ್ಣದ ಅಂಟು, ಪೈಲಟ್ ಜೆಟ್ಟಿನ ಸೂಜಿಮೊನೆಯಷ್ಟು ತೂತಿನಲ್ಲಿ ಅದೇ ಅಂಟು ಗಟ್ಟಿಯಾಗಿ ಕೂತಿರುತ್ತದೆ. ಮುಚ್ಚಿಹೋದ ತೂತಿನ ಮೂಲಕ ಔಷಧಿ ಹರಿಯುವುದಾದರೂ ಹೇಗೆ? ಬಿಚ್ಚಿ, ಕ್ಲೀನರ್ ಹೊಡೆದು, ಗಾಳಿ ಊದಿಸಿದರೆ ಅರ್ಧ ಗಂಟೆಯ ಕೆಲಸ.

ಇನ್ನೊಂದು ಜಾತಿ ಆಕ್ಟೇನ್ ಹೆಚ್ಚಿಸುವುದು. ಕಂಪ್ರೆಷನ್ ಹೆಚ್ಚಿರುವ ಎಂಜಿನ್ನಿಗೆ ಆಕ್ಟೇನ್ ಬೇಕು, ಇಲ್ಲದಿದ್ದರೆ ಕಿಡಿಯ ಉರಿ ತಲುಪುವ ಮೊದಲೇ ಪೆಟ್ರೋಲ್ ತಾನಾಗಿ ಹೊತ್ತಿಕೊಂಡು ಟಕಟಕ ಎನ್ನುತ್ತದೆ. ಹಳೇ ಬುಲೆಟ್ಟಿನ, ಯೆಜ್ಡಿಯ ಕಂಪ್ರೆಷನ್ 7ರ ಆಸುಪಾಸು. ಈಗ ಬಂಕಿನಲ್ಲಿ ಸಿಗುವ ಸಾಧಾರಣ ಪೆಟ್ರೋಲಿನ ಆಕ್ಟೇನೇ ಅವಕ್ಕೆ ಹೆಚ್ಚು. ಅವು ಹುಟ್ಟಿದ ಕಾಲದಲ್ಲಿ ಸಿಗುತ್ತಿದ್ದದ್ದು ಅದಕ್ಕಿಂತ ಕಡಿಮೆಯದ್ದು. ಮೈಲೇಜ್ ಹೆಚ್ಚಿಸುವ ಬಾಟಲಿ, ಅಯಸ್ಕಾಂತ, ಗುಳಿಗೆ ಇವುಗಳ ವಿಷಯ ಹೇಳದಿರುವುದೇ ಲೇಸು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿ, ಮೈಲೇಜನ್ನು ಗಮನಾರ್ಹವಾಗಿ ಹೆಚ್ಚಿಸುವ ಒಂದನ್ನೂ ಕಾಣಲಿಲ್ಲ. ನಮ್ಮಲ್ಲಂತೂ 1996ರಲ್ಲಿ ನೆರೆಯ ತಮಿಳುನಾಡಿನಿಂದ ಒಬ್ಬಾತ ಗಿಡಮೂಲಿಕೆ ಹಾಕಿ ನೀರನ್ನೇ ಪೆಟ್ರೋಲ್ ಮಾಡುತ್ತೇನೆಂದು ಹೊರಟು ಇಡೀ ದೇಶದ ಕಿವಿ ನಿಮಿರಿಸಿದ್ದ.

ಪೆಟ್ರೋಲಿಗೆ ಸೇರಿಸುವುದು ಎಂದರೆ ಏನೆಂದು ಜಗತ್ತಿಗೆ ಕಲಿಸಿದ್ದು ಸೀಸ. ಜನರಲ್ ಮೋಟಾರ್ಸ್‌ನ ಥಾಮಸ್ ಮಿಡ್ಜ್‌ಲಿ 1921ರಲ್ಲಿ, ಟೆಟ್ರಾಈಥೈಲ್ ಸೀಸವನ್ನು ಒಂದು ಚೂರು ಬೆರೆಸಿದರೆ ಟಕಟಕ ನಿಲ್ಲುತ್ತದೆಂದು ಕಂಡುಕೊಂಡ. 1923ರಲ್ಲಿ ಅದು ಮಾರುಕಟ್ಟೆಗೆ ಬಂದಾಗ ಹೆಸರಿನಿಂದ ಸೀಸವನ್ನು ಕಿತ್ತು ಬರೀ 'ಈಥೈಲ್' ಎಂದು ಇಟ್ಟರು. ವಿಷವೆಂದು ಮೊದಲೇ ಗೊತ್ತಿತ್ತು. 1924ರಲ್ಲಿ ಅದನ್ನು ತಯಾರಿಸುವ ಘಟಕದ ಕಾರ್ಮಿಕರು ಭ್ರಮೆ ಹಿಡಿದು ಸತ್ತರು. ಆದರೂ ಅದು ಜಗತ್ತನ್ನು ಮುಕ್ಕಾಲು ಶತಮಾನ ಆಳಿತು. ಇದಕ್ಕಿಂತ ಸ್ವಾರಸ್ಯದ ಸಂಗತಿ ಬೇರೆ ಇದೆ. ಆಲ್ಕೊಹಾಲ್ ಬೆರೆಸಿದರೂ ಟಕಟಕ ನಿಲ್ಲುತ್ತದೆಂದು ಮಿಡ್ಜ್‌ಲಿಯ ತಂಡಕ್ಕೆ ಚೆನ್ನಾಗಿ ಗೊತ್ತಿತ್ತು. ಆದರೆ ಹೊಲದಲ್ಲಿ ಬೆಳೆದು ಯಾರು ಬೇಕಾದರೂ ಭಟ್ಟಿ ಇಳಿಸಬಹುದಾದ ಪದಾರ್ಥದ ಮೇಲೆ ಪೇಟೆಂಟ್ ಸಿಗುವುದಿಲ್ಲವಲ್ಲ.

ಭಾರತದಲ್ಲಿ 1995ರಲ್ಲಿ ಮಹಾನಗರಗಳಿಂದ ಶುರುವಾಗಿ 2000ದ ಫೆಬ್ರುವರಿಗೆ ಸೀಸ ಪೂರ್ತಿ ಹೋಯಿತು. ಆಗ ಹಳೇ ಗಾಡಿಯವರಲ್ಲಿ ಒಂದು ಹೆದರಿಕೆ ಹುಟ್ಟಿತು. ಸೀಸದ ಲೇಪ ವಾಲ್ವ್ ಕೂರುವ ಜಾಗ ಸವೆಯದಂತೆ ಕಾಯುತ್ತಿತ್ತು, ಇನ್ನು ಅದು ಇಲ್ಲದಿದ್ದರೆ ಗತಿ ಏನು? ಸೀಸದ ಬದಲಿಗೆಂದೇ ಬಾಟಲಿಗಳು ಬಂದವು. ಈ ಸವೆತ ಸುಳ್ಳಲ್ಲ, ಆದರೆ ಅದು ಹೆಚ್ಚು ಹೊತ್ತು ಹೆಚ್ಚು ವೇಗದಲ್ಲಿ ಓಡುವ ಎಂಜಿನ್ನಿನ ಕಾಯಿಲೆ. ಭಾನುವಾರ ಚಾಮುಂಡಿ ಬೆಟ್ಟ ಹತ್ತಿ ಇಳಿಯುವ ಬುಲೆಟ್ಟಿಗೆ ತಟ್ಟುವುದು ಅಪರೂಪ. ತಟ್ಟಿದರೆ ಗಟ್ಟಿ ಸೀಟ್ ಕೂರಿಸುವುದು ಲೇತ್ ಅಂಗಡಿಯ ಕೆಲಸ. ಯೆಜ್ಡಿಗೂ ಆರ್‌ಎಕ್ಸ್ ನೂರಕ್ಕೂ ಆ ಬಾಟಲಿ ಕೊಂಡವರನ್ನು ನೋಡಿದ್ದೇನೆ. ಅವುಗಳಲ್ಲಿ ಆ ಬಗೆಯ ವಾಲ್ವೇ ಇಲ್ಲ.

ಈ ನಡುವೆ ಕನ್ನಡದಲ್ಲಿ ಎಣ್ಣೆ ಇನ್ನೊಂದು ತಿರುವು ತೆಗೆದುಕೊಂಡಿತ್ತು. 'ಸಂಜೆ ಎಣ್ಣೆ ಇದೆಯಾ?' ಎಂದು ಗೆಳೆಯ ಕೇಳಿದರೆ ಅದು ಅಡುಗೆಯ ಮಾತಲ್ಲ. ಗುಂಡು, ತೀರ್ಥ ಇವುಗಳಂತೆಯೇ ಇದೂ ಮನೆಯಲ್ಲಿ ಹಿರಿಯರು ಕೂತಿರುವಾಗ ಆಡುವ ಮರೆಮಾತಾಗಿ ಶುರುವಾಗಿ, ಮರೆಯೇ ಉಳಿಯದಷ್ಟು ಬಳಕೆಗೆ ಬಂದಿದೆ. ಎಣ್ಣೆ ಹೊಡೆಯುವುದು, ಎಣ್ಣೆ ಪಾರ್ಟಿ, ಎಣ್ಣೆ ಏಟು. ಅಭ್ಯಂಜನದ ದಿನ ಎಣ್ಣೆ ಹಚ್ಚಿಕೊಂಡೆ ಎಂದು ಬರೆಯಲೂ ಈಗ ಎರಡು ಸಲ ಯೋಚಿಸಬೇಕು. ಜಿಡ್ಡಿನ ಲವಲೇಶವೂ ಇಲ್ಲದ, ನೀರಿನಲ್ಲಿ ಸಲೀಸಾಗಿ ಬೆರೆಯುವ ದ್ರವಕ್ಕೆ ಎಳ್ಳಿನ ಜಿಡ್ಡಿನ ಹೆಸರು! ಪದಗಳ ಲೋಕದಲ್ಲಿ ಇಂಥ ಅನ್ಯಾಯ ನಡೆದೇ ನಡೆಯುತ್ತದೆ.

ಹಾಗೆ ಹೆಸರು ಪಡೆದ ಆ ಎಣ್ಣೆಯೇ ಈಗ ಗಾಡಿಯ ಟ್ಯಾಂಕಿಗೂ ಇಳಿದಿದೆ. ಪೆಟ್ರೋಲಿಗೆ ಆಲ್ಕೊಹಾಲ್ ಬೆರೆಸುವ ಯೋಚನೆ ನಮ್ಮಲ್ಲಿ ಹೊಸದಲ್ಲ, 1948ರಲ್ಲೇ ಪವರ್ ಆಲ್ಕೊಹಾಲ್ ಕಾಯಿದೆ ಬಂದಿತ್ತು. 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇ 5, 2022ರ ಮಧ್ಯಕ್ಕೆ ದೇಶದಾದ್ಯಂತ ಶೇ 10. ಶೇ 20ರ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲಿ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳ ಕಬ್ಬಿನ ರಸ, ಕಾಕಂಬಿಗಳೂ ಎಥನಾಲ್ ಆಗಿ ಬಂಕಿಗೆ ಬರುತ್ತವೆ. 2007ರಲ್ಲಿ ಸಾರಾಯಿ ನಿಲ್ಲಿಸಿದ ರಾಜ್ಯದಲ್ಲಿ ಗಾಡಿಗಳು ಈಗ ದಿನಾ ಕುಡಿದೇ ಓಡುತ್ತವೆ ಎಂದು ತಮಾಷೆ ಮಾಡುವವರಿದ್ದಾರೆ. ಪೆಟ್ರೋಲ್, ಎಥನಾಲ್ ಎರಡರ ಬಾಲವೂ ಒಂದೇ ಥರ ಕೇಳಿಸಿದರೂ ಪೆಟ್ರೋಲಿನದ್ದು ಓಲಿಯಂನಿಂದ ಬಂದದ್ದು, ಎಥನಾಲಿನದ್ದು ಆಲ್ಕೊಹಾಲಿನಿಂದ. ಆಲ್ಕೊಹಾಲ್ ಅರಬ್ಬರ ಪದ, ಅದರ ಮೊದಲ ಅರ್ಥ ಕಣ್ಣಿಗೆ ಹಚ್ಚುವ ಕಾಡಿಗೆಯ ನುಣುಪು ಪುಡಿ.

ಹಳೇ ಗಾಡಿಯವರ ಸದ್ಯದ ಚಿಂತೆಯೆಲ್ಲ ಈ ಎಣ್ಣೆಯದ್ದೇ. ಚಿಂತೆಗೆ ಕಾರಣವೂ ಇದೆ. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಸಾಕು. ಇ20ಗೆ ಲೆಕ್ಕ ಹಾಕಿದರೆ ಸುಮಾರು 13.5. ಹೊಸ ಗಾಡಿಯ ಸೆನ್ಸರ್ ಇದನ್ನು ತಾನೇ ಸರಿದೂಗಿಸುತ್ತದೆ. ಕಾರ್ಬೋರೇಟರಿಗೆ ಅಂಥ ಬುದ್ಧಿ ಇಲ್ಲ, ಅದು ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ ಬಿಡುತ್ತದೆ. ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯೇರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಮಾಡುತ್ತದೆ. ಎಥನಾಲಿನ ಶಾಖವೂ ಪೆಟ್ರೋಲಿನದ್ದಕ್ಕಿಂತ ಲೀಟರಿಗೆ ಮೂರನೇ ಒಂದು ಪಾಲು ಕಡಿಮೆ. ಇ10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಿಗೆ ಇ20 ಹಾಕಿದರೆ ಮೈಲೇಜು ಶೇ 3ರಿಂದ 4 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಹಳೆಯ ರಬ್ಬರ್ ಪೈಪು, ಓ ರಿಂಗು, ಕಾಕಿನ ವಾಷರುಗಳು ಎಥನಾಲಿನಲ್ಲಿ ಉಬ್ಬಿ, ಆಮೇಲೆ ಬಿರಿಯುತ್ತವೆ.

ಎಲ್ಲಕ್ಕಿಂತ ಕೆಟ್ಟದ್ದು ನೀರು. ಎಥನಾಲಿಗೆ ನೀರೆಂದರೆ ಪ್ರೀತಿ. ಒಂದು ಗಾಜಿನ ಬಾಟಲಿಯಲ್ಲಿ ಈಗಿನ ಪೆಟ್ರೋಲನ್ನು ಅರ್ಧ ತುಂಬಿ, ನಾಲ್ಕೈದು ಚಮಚ ನೀರು ಹಾಕಿ ಕುಲುಕಿ ಇಟ್ಟರೆ ಮೊದಲು ಮೋಡ ಕವಿದಂತೆ ಬೆಳ್ಳಗಾಗುತ್ತದೆ. ಆಮೇಲೆ ನಿಧಾನವಾಗಿ ತಿಳಿಯಾಗಿ ಎರಡು ಪದರ ಕಾಣುತ್ತದೆ. ತಳದಲ್ಲಿ ನಿಂತದ್ದು ನಾವು ಹಾಕಿದ ನೀರಿಗಿಂತ ಎಷ್ಟೋ ಹೆಚ್ಚು, ಏಕೆಂದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಇಳಿದುಬಿಟ್ಟಿದೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕಿನೊಡನೆ ತಿಂಗಳುಗಟ್ಟಲೆ ನಿಂತ ಗಾಡಿಯೊಳಗೂ ಇದೇ ನಡೆಯಬಹುದು. ಕಾಕಿನ ಬಾಯಿ ಇರುವುದೂ ತಳದಲ್ಲೇ. ತಗಡಿನ ಟ್ಯಾಂಕ್ ತುಕ್ಕು ಹಿಡಿಯುವುದು ಅಲ್ಲಿಂದಲೇ. ಎಥನಾಲ್‌ನಿಂದ ರಕ್ಷಿಸುತ್ತೇವೆ ಎನ್ನುವ ಬಾಟಲಿಗಳಲ್ಲಿ ತುಕ್ಕು ತಡೆಯುವ ಅಂಶ ಇದ್ದರೆ ಅದು ಕೆಲಸ ಮಾಡುತ್ತದೆ, ಅಷ್ಟು ಮರ್ಯಾದೆ ಅವಕ್ಕೆ ಸಲ್ಲಬೇಕು. ನೀರು ತೆಗೆಯುತ್ತೇವೆ ಎನ್ನುವ ಹಲವದರಲ್ಲಿ ಇರುವುದು ಇನ್ನೊಂದು ಬಗೆಯ ಆಲ್ಕೊಹಾಲ್. ಬೇರೆಯಾದ ಪದರವನ್ನು ಕೆಲವು ಹನಿ ದ್ರವ ಮತ್ತೆ ಕೂಡಿಸಲಾರದು. ತೆಳುವಾದ ಮಿಶ್ರಣವನ್ನು ಗಟ್ಟಿ ಮಾಡಲಾರದು, ಬಿರಿದ ರಬ್ಬರನ್ನು ಬೆಸೆಯಲಾರದು, ಇಲ್ಲದ ಶಾಖವನ್ನು ತರಲಾರದು.

ಇಲ್ಲಿ ಹರಳೆಣ್ಣೆಯ ಬಗ್ಗೆ ಒಂದು ಮಾತು ಬಾಕಿ ಇದೆ. ಪೆಟ್ರೋಲಿನ ಜೊತೆ ಬೆರೆಯಲು ಬಿಗುಮಾನ ತೋರುವ ಅದು ಆಲ್ಕೊಹಾಲಿನಲ್ಲಿ ಮಾತ್ರ ಸಲೀಸಾಗಿ ಕರಗುತ್ತದೆ. ಮೆಥನಾಲ್ ಕುಡಿಯುವ ಆಟದ ವಿಮಾನಗಳ ಪುಟಾಣಿ ಎಂಜಿನ್ನುಗಳಿಗೆ ಇವತ್ತಿಗೂ ಹರಳೆಣ್ಣೆ ಬೆರೆಸುತ್ತಾರೆ. ಹಾಗೆಂದು ಅಡುಗೆಮನೆಯ ಹರಳೆಣ್ಣೆಯನ್ನು ಯೆಜ್ಡಿಗೆ ಸುರಿಯಲು ಹೋಗಬೇಡಿ. ಬಹುಬೇಗ ಗೋಂದಾಗಿ ಪಿಸ್ಟನ್ ರಿಂಗುಗಳನ್ನು ಹಿಡಿದುಕೊಳ್ಳುವುದು ಅದರ ಹಳೆಯ ಚಾಳಿ.

ಹಳೇ ಗಾಡಿ ಇಟ್ಟುಕೊಂಡವರಿಗೆ ನಾನು ಹೇಳುವುದು ಇಷ್ಟು. ಟೂ ಸ್ಟ್ರೋಕ್ ಆದರೆ ಟೂಟಿಯಲ್ಲಿ ಜಿಪುಣತನ ಬೇಡ, ಧಾರಾಳವೂ ಬೇಡ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಬಾಟಲಿಗೆ ದುಡ್ಡು ಕೊಡಬಹುದು, ಅದೂ ಹೊಸ ಪೆಟ್ರೋಲಿಗೆ ಬೆರೆಸಿದರೆ ಮಾತ್ರ. ಕಾಕ್ ಮುಚ್ಚಿ ಕಾರ್ಬೋರೇಟರ್ ಖಾಲಿ ಮಾಡಿ ನಿಲ್ಲಿಸುವುದು ಅದಕ್ಕಿಂತ ಮುಖ್ಯ, ಅದಕ್ಕೆ ಖರ್ಚೂ ಇಲ್ಲ. ಮಿಕ್ಕ ಬಾಟಲಿಗಳನ್ನು ಅಂಗಡಿಯಲ್ಲೇ ಬಿಟ್ಟು, ಆ ದುಡ್ಡಿನಲ್ಲಿ ಪೆಟ್ರೋಲ್ ಪೈಪನ್ನೂ ಓ ರಿಂಗುಗಳನ್ನೂ ಎಥನಾಲ್ ತಡೆಯುವ ರಬ್ಬರಿನವಕ್ಕೆ ಬದಲಾಯಿಸಿ, ಒಂದು ಅಳತೆ ದೊಡ್ಡ ಜೆಟ್ ಹಾಕಿಸಿ ಪ್ಲಗ್ಗಿನ ಬಣ್ಣ ನೋಡಿ. ಪ್ಲಗ್ ಬೂದುಬಿಳಿಯಾಗಿದ್ದರೆ ಮಿಶ್ರಣ ಇನ್ನೂ ತೆಳು, ನಸುಗಂದು ಬಣ್ಣಕ್ಕೆ ತಿರುಗಿದ್ದರೆ ಗಾಡಿ ಸರಿಯಾಗಿದೆ.